ಮಿತಭಾಷಿಯಲ್ಲದ ಅಜ್ಜಿ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ಮತ್ತು ಅದರ ಸುತ್ತಣ ಹಳ್ಳಿಗಳಲ್ಲಿ ಮನೆಗೊಬ್ಬರಂತೆ ಅಲ್ಲದಿದ್ದರೂ ಬೀದಿಗೊಬ್ಬರಂತೆ ತಪ್ಪದೆ ಕಾಣಸಿಗುವ ಒಂದು ವರ್ಗವನ್ನು ಊರಾಡುವ ಅಜ್ಜಿಯರ ವರ್ಗವೆನ್ನಬಹುದು. ಮಕ್ಕಳನ್ನು ಸಾಕಿ, ಮೊಮ್ಮಕ್ಕಳನ್ನು ಎತ್ತಾಡಿಸಿ, ಅಡುಗೆಮನೆಯನ್ನು ಸೊಸೆಗೆ ಒಪ್ಪಿಸಿದಂತೆ ತೋರಿಸಿಕೊಂಡೂ ಉಪ್ಪಿನ ಡಬ್ಬಿಯ ಮೇಲಿನ ಅಧಿಕಾರವನ್ನು ಬಿಟ್ಟುಕೊಡದೆ, ಉಳಿದ ಹೊತ್ತನ್ನೆಲ್ಲ ಪರರ ಕಷ್ಟಸುಖದ ವಿಚಾರಣೆಗೆ ಮೀಸಲಿಟ್ಟ ಹೆಂಗಸು ಈ ವರ್ಗಕ್ಕೆ ಸೇರುತ್ತಾಳೆ. ಬದುಕಿರುವಷ್ಟು ಕಾಲ ಈಕೆಯನ್ನು ಮಕ್ಕಳು 'ಒಂದ್ ಕಡೆ ಕೂತ್ಕೊಳಕ್ಕಾಗಲ್ವಾ ಅವ್ವ' ಎಂದು ಗದರುತ್ತಾರೆ. ತೀರಿಕೊಂಡ ಮೇಲೆ ಅದೇ ಮಕ್ಕಳು ಅಚ್ಚು ಹಾಕಿಸುವ ಕಾರ್ಡಿನಲ್ಲಿ ಈಕೆ 'ಸೌಮ್ಯ ಸ್ವಭಾವದ ಮಿತಭಾಷಿ'ಯಾಗಿಬಿಡುತ್ತಾಳೆ.

ಈ ಅಜ್ಜಿಯ ಮುಖ್ಯ ಸಲಕರಣೆ ಸಂಚಿ, ಅಂದರೆ ಹಲವು ಅರೆಗಳಿದ್ದು ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುವ ಬಟ್ಟೆಯ ಎಲೆಅಡಿಕೆ ಚೀಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ'ವೆಂಬ ಕೃತಿಯಲ್ಲಿ ಪತಿವ್ರತೆಯ ನಡೆನುಡಿಗಳನ್ನು ವಿವರಿಸಿದಳೆಂಬುದು ಸಾಹಿತ್ಯ ಚರಿತ್ರೆಗೆ ತಿಳಿದ ಸಂಗತಿಯಾದರೂ, ಅಕ್ಕೂರಿನ ಸಂಚಿಗೆ ಅಂಥ ಗಾಂಭೀರ್ಯವಿಲ್ಲ. ಅದರ ಒಂದು ಅರೆಯಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆಯ ಜೊತೆ ಕಡ್ಡಿಪುಡಿ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ, ಒಳಗಿನ ಗುಟ್ಟಿನ ಅರೆಯಲ್ಲಿ ನಾಲ್ಕು ಮಡಿಕೆಯ ನೋಟು ಮತ್ತು ಯಾರದೋ ಮಗಳ ಜಾತಕ ಇರುತ್ತವೆ. ಎಲೆಗೆ ಸುಣ್ಣ ಸವರುತ್ತಿರುವಾಗ ಎದುರಿಗಿದ್ದವರು ಎದ್ದು ಹೋಗಲಾರರು, ಸವರಿ ಮುಗಿಯುವ ಹೊತ್ತಿಗೆ ಅವರ ಮನೆಯ ಸಾಲದ ಲೆಕ್ಕವೂ ಹೊರಬಿದ್ದಿರುತ್ತದೆ.

ಈಕೆಯ ಭೂಗೋಳದಲ್ಲಿ ಜಿಲ್ಲೆಗಳಿಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದದ್ದು, 2025ರಲ್ಲಿ ಅದರ ಹೆಸರನ್ನು ಬೆಂಗಳೂರು ದಕ್ಷಿಣವೆಂದು ಸರ್ಕಾರ ಬದಲಿಸಿದ್ದು, ಇವೆಲ್ಲ ಗಂಡಸರು ಟೀ ಅಂಗಡಿಯಲ್ಲಿ ಮಾತಾಡುವ ವಿಷಯಗಳು. ಅಜ್ಜಿಗೆ ಇರುವುದು ಹೆಣ್ಣು ಕೊಟ್ಟ ಊರು, ಹೆಣ್ಣು ತಂದ ಊರು ಎಂಬ ಎರಡೇ ವಿಭಾಗ. ಹೀಗಿರುವಾಗ 2023ರ ಜೂನ್ 11ರಂದು ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ ಜಾರಿಗೆ ಬಂದದ್ದು ಈ ವರ್ಗದ ಚರಿತ್ರೆಯಲ್ಲಿ ಯುಗಾರಂಭವೆನ್ನಬೇಕು. ಗುರುತಿನ ಚೀಟಿ ತೋರಿಸಿದವರಿಗೆ ಕಂಡಕ್ಟರ್ ಶೂನ್ಯ ಟಿಕೆಟ್, ಅಂದರೆ ಬೆಲೆಯಿಲ್ಲದ ಟಿಕೆಟ್ ಕೊಡುವುದು ನಿಯಮ. ಆದರೆ ಅಜ್ಜಿ ಆಧಾರ್ ಕಾರ್ಡನ್ನು ಸಂಚಿಯಿಂದ ಹೊರತೆಗೆಯುವ ಮುಂಚೆ 'ಯಾವೂರಾಯ್ತಪ್ಪ ನಿಂದು, ಯಾರ ಮಗ' ಎಂದು ಕೇಳಿ ಕಂಡಕ್ಟರನ ಗುರುತನ್ನೇ ಪರಿಶೀಲಿಸುತ್ತಾಳೆ. ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯದ ಅಂಬೆಗಾಲು ಕೃಷ್ಣನಿಗೆ ಮಕ್ಕಳಾಗದವರು ತೊಟ್ಟಿಲಿನ ಹರಕೆ ಹೊರುವುದುಂಟಷ್ಟೆ. ಆ ಹರಕೆಯ ವಿವರವನ್ನು ಪಕ್ಕದ ಸೀಟಿನ ಹುಡುಗಿಗೆ ಪೂರ್ತಿ ಒಪ್ಪಿಸಿದ ಮೇಲೆ ಆಕೆಗಿನ್ನೂ ಮದುವೆಯೇ ಆಗಿಲ್ಲವೆಂದು ತಿಳಿದರೆ, ಅಜ್ಜಿ ಪೆಚ್ಚಾಗುವುದಿಲ್ಲ, ತೊಟ್ಟಿಲನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಗಂಡು ಹುಡುಕಲು ತೊಡಗುತ್ತಾಳೆ.

ಈಕೆ ಮನೆಯಲ್ಲಿ ನಿಲ್ಲುವ ಕಾಲವೊಂದಿದೆ, ಅದು ರೇಷ್ಮೆ ಹುಳು ಮೇಯುವ ಕಾಲ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಕಳಚುತ್ತದೆ. ಪೊರೆ ಬಿಡುವ ಮುನ್ನ ಮೇವು ತೊರೆದು ತಲೆಯೆತ್ತಿ ಅಲುಗದೆ ಕೂರುವ ಸ್ಥಿತಿಯನ್ನು ರೈತರು ಜ್ವರವೆನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಹಗಲು ರಾತ್ರಿಯೆನ್ನದೆ ಹಿಪ್ಪುನೇರಳೆ ಸೊಪ್ಪು ಹಾಕಬೇಕಾಗುವುದರಿಂದ ಮನೆಮಂದಿಗೆ ನಿದ್ದೆಯಿರುವುದಿಲ್ಲ, ರೋಗ ತಗುಲೀತೆಂಬ ಭಯದಿಂದ ಹೊರಗಿನವರನ್ನು ಹುಳುಮನೆಗೆ ಬಿಡುವುದೂ ಇಲ್ಲ. ಈ ಕಟ್ಟುಪಾಡನ್ನು ಅಜ್ಜಿ ತನ್ನ ಮನೆಯಲ್ಲಿ ಬಲು ಕಟ್ಟುನಿಟ್ಟಾಗಿ ಪಾಲಿಸುತ್ತಾಳೆ, ಬೇರೆಯವರ ಹುಳುಮನೆಯ ವಿಷಯದಲ್ಲಿ ಮಾತ್ರ ಹೊಸ್ತಿಲಾಚೆ ನಿಂತು 'ಎಷ್ಟನೇ ಜ್ವರವ್ವ' ಎಂದು ಕೂಗಿ ಕೇಳುವಷ್ಟು ರಿಯಾಯಿತಿ ಪಡೆಯುತ್ತಾಳೆ. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹೊರಟ ದಿನ ಮಗನಿಗಿಂತ ಮೊದಲು ಸಿದ್ಧಳಾಗುವವಳೂ ಇವಳೇ. ಹರಾಜಿನ ದರಕ್ಕಿಂತ, ಯಾವ ಊರಿನ ಯಾರ ಗೂಡು ಸೋತಿತು, ಅವರ ಮಗಳ ಮದುವೆ ಮುಂದಕ್ಕೆ ಹೋಯಿತೇ ಎಂಬುದು ಈಕೆಗೆ ಮುಖ್ಯ. ಇದನ್ನು ಚಾಡಿಯೆಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ಗೂಡು ಸೋತ ಮನೆಗೆ ವಾರದೊಳಗೆ ಒಂದು ಮೂಟೆ ರಾಗಿ ಸದ್ದಿಲ್ಲದೆ ತಲುಪುವುದೂ ಇದೇ ಬಾಯಿಯ ಮೂಲಕ.

ಇಂಥವಳು ತೀರಿಕೊಂಡಾಗ ಸರ್ಕಲ್ಲಿನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸಿಗೆ ಫೋಟೊ ಹುಡುಕುವಾಗ ಮನೆಯವರಿಗೆ ದೊಡ್ಡ ತೊಡಕು ಎದುರಾಗುತ್ತದೆ. ಮದುವೆ, ನಾಮಕರಣ, ಗೃಹಪ್ರವೇಶಗಳ ಆಲ್ಬಮ್ಮುಗಳಲ್ಲೆಲ್ಲ ಅಜ್ಜಿ ಇದ್ದಾಳೆ, ಆದರೆ ಎಲ್ಲೆಡೆಯೂ ಪಕ್ಕಕ್ಕೆ ತಿರುಗಿ ಯಾರಿಗೋ ಏನನ್ನೋ ಹೇಳುತ್ತಿದ್ದಾಳೆ. ಬಾಯಿ ಮುಚ್ಚಿ ನೇರವಾಗಿ ನೋಡುತ್ತಿರುವ ಏಕೈಕ ಚಿತ್ರ ಆಧಾರ್ ಕಾರ್ಡಿನದು, ಅದೂ ಫೋಟೊ ತೆಗೆಯುವವನು ಎರಡು ಸಲ ಬೇಡಿಕೊಂಡ ಮೇಲೆ ದೊರೆತದ್ದು. ಅದನ್ನೇ ದೊಡ್ಡದು ಮಾಡಿಸಿ, ಅದಕ್ಕೆ ಹೊಂದುವಂತೆ ಮಿತಭಾಷಿ ಎಂಬ ಬಿರುದನ್ನು ಕೆಳಗೆ ಬರೆಸಲಾಗುತ್ತದೆ.

ಮಹಾಲಯ ಅಮಾವಾಸ್ಯೆಯ ಎಡೆಯಲ್ಲಿ ಇನ್ನೊಂದು ತೊಡಕು ತಲೆದೋರುತ್ತದೆ. ಎಡೆಯೆಂದರೆ ಅಗಲಿದ ಹಿರಿಯರಿಗೆ ಇಷ್ಟವಾಗಿದ್ದ ತಿಂಡಿತಿನಿಸುಗಳನ್ನು ಬಾಳೆಎಲೆಯಲ್ಲಿ ಬಡಿಸಿ, ಹೊಸ ಬಟ್ಟೆಯ ಜೊತೆ ಇಟ್ಟು ಪೂಜಿಸುವುದು. ಮಗ ಮದ್ದೂರು ವಡೆ ತರುತ್ತಾನೆ, ಸೊಸೆ ಕಜ್ಜಾಯ ಸುಡುತ್ತಾಳೆ. ಅಷ್ಟರಲ್ಲಿ ಎದುರುಮನೆಯವಳು ಹುರುಳಿಕಾಳಿನ ಬಸ್ಸಾರಿನ ಪಾತ್ರೆ ಹಿಡಿದು ಬಂದು, ಅಜ್ಜಿಗೆ ತಮ್ಮ ಮನೆಯ ಸಾರೇ ಪ್ರಾಣವಾಗಿತ್ತೆಂದು ಸಾಧಿಸುತ್ತಾಳೆ. ಹಿಂದಿನ ಬೀದಿಯಿಂದ ಮತ್ತೊಬ್ಬಳು ರಾಗಿ ರೊಟ್ಟಿ ತರುತ್ತಾಳೆ. ಅಜ್ಜಿಗೆ ಎಷ್ಟು ಮನೆಗಳಲ್ಲಿ ಊಟದ ಖಾತೆಯಿತ್ತೆಂಬುದು ಸ್ವಂತ ಮಕ್ಕಳಿಗೆ ಅಂದು ಗೊತ್ತಾಗುತ್ತದೆ, ಬಾಳೆಎಲೆ ಸಾಲದೆ ಇನ್ನೊಂದನ್ನು ಕೊಯ್ದು ತರಬೇಕಾಗುತ್ತದೆ.

ಕಾರ್ಡು ಅಚ್ಚು ಹಾಕುವವರಲ್ಲಿ ಒಂದು ವಿನಂತಿ: ತಯಾರಿರುವ ಒಕ್ಕಣೆಯಿಂದ ಮಿತಭಾಷಿ ಎಂಬ ಪದವನ್ನು ತೆಗೆದು, ಅಜ್ಜಿ ಬಾಯಿ ತೆರೆದು ನಗುತ್ತಿರುವ ಯಾವುದಾದರೂ ಮದುವೆಯ ಫೋಟೊವನ್ನು, ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿರುವವರ ಸಮೇತ, ಕತ್ತರಿಸದೆ ಹಾಕಬೇಕು.