ಕೇಳಿಸ್ತಾ, ಇಲ್ವಾ?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಿಂತು ನೋಡಿ, ಈ ಪಂಗಡದವರು ಕಣ್ಣಿಗೆ ಬಿದ್ದೇ ಬೀಳುತ್ತಾರೆ. ಜೇಬಿನಲ್ಲಿ ಚೀಟಿ, ಹೆಗಲಲ್ಲಿ ಬಟ್ಟೆ ಚೀಲ, ಮೂಗಿನ ತುದಿಯಲ್ಲಿ ಕನ್ನಡಕ. ಎರಡು ರೂಪಾಯಿಯ ರೆಸಿಸ್ಟರ್ ಕೊಳ್ಳಲು ಇನ್ನೂರು ರೂಪಾಯಿ ಆಟೋಗೆ ಕೊಟ್ಟು ಬಂದಿರುತ್ತಾರೆ. ಅಂಗಡಿ ಹುಡುಗ "ಒನ್ ಪರ್ಸೆಂಟ್ ಹೆಚ್ಚುಕಮ್ಮಿ ಇರೋದು ಸಾಕಾ ಸರ್?" ಎಂದರೆ, ಒಬ್ಬಟ್ಟಿಗೆ ತುಪ್ಪದ ಬದಲು ಡಾಲ್ಡಾ ಬಡಿಸಲು ಬಂದವನನ್ನು ನೋಡಿದ ಹಾಗೆ ನೋಡುತ್ತಾರೆ. ಇವರು ಮನೆಯಲ್ಲೇ ಡ್ಯಾಕ್ ಕಟ್ಟುವವರು. ಇವರಲ್ಲೊಬ್ಬರು ನಮ್ಮಕ್ಕನ ಗಂಡ.

ಡ್ಯಾಕ್ ಅಂದರೆ ಅಂಕಿಯನ್ನು ಹಾಡು ಮಾಡುವ ಯಂತ್ರ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯೊಳಗೆ ಹಾಡಿಲ್ಲ, ಬರೀ ಅಂಕಿ. ಒಂದೊಂದು ಚಾನೆಲ್ಲಿಗೆ ಸೆಕೆಂಡಿಗೆ 44,100 ಅಂಕಿ. ಪ್ರತಿಯೊಂದೂ 65,536 ಮೆಟ್ಟಿಲುಗಳ ಪೈಕಿ ಯಾವುದೋ ಒಂದು. ಆ ಮೆಟ್ಟಿಲುಗಳನ್ನು ಮತ್ತೆ ಅಲೆ ಮಾಡಿ ಆಂಪ್ಲಿಫೈಯರಿಗೆ ಕಳಿಸುವುದು ಡ್ಯಾಕ್ ಕೆಲಸ. ನಿಮ್ಮ ಫೋನಿನೊಳಗೂ ಒಂದಿದೆ, ಚೆನ್ನಾಗಿಯೇ ಇದೆ. ಈ ಕೊನೆಯ ಮಾತನ್ನು ಮಾತ್ರ ಭಾವನ ಎದುರು ಆಡಬೇಡಿ.

ಅದಕ್ಕೆಂದೇ ಮಾಡಿದ ಚಿಪ್ ಸಿಗುತ್ತದೆ. ಭಾವನಿಗೆ ಚಿಪ್ ಬೇಡ. ಬರೀ ರೆಸಿಸ್ಟರ್‌ಗಳ ಏಣಿ ಕಟ್ಟಬೇಕು. ಎಡಗಡೆಗೆ 49, ಬಲಗಡೆಗೆ 49, ಎಲ್ಲವೂ ಅವಳಿ ಮಕ್ಕಳ ಹಾಗೆ ಒಂದೇ ಅಳತೆ. ಅದಕ್ಕಾಗಿ ಐನೂರು ತಂದು ಊಟದ ಮೇಜಿನ ಮೇಲೆ ಸುರಿದರು. ಆ ತುದಿಯಲ್ಲಿ ಅಕ್ಕ ತೊಗರಿಬೇಳೆ ಆರಿಸುತ್ತಿದ್ದಳು, ಈ ತುದಿಯಲ್ಲಿ ಭಾವ ಮಲ್ಟಿಮೀಟರ್ ಹಿಡಿದು ರೆಸಿಸ್ಟರ್ ಆರಿಸುತ್ತಿದ್ದರು. ಅಳತೆ ಬರೆದುಕೊಳ್ಳುವ ಗುಮಾಸ್ತಿಕೆ ನನ್ನದು. "ಕೈಯಲ್ಲಿ ಹಿಡೀಬೇಡ ಕಣಯ್ಯ, ಬೆರಳಿನ ಬಿಸಿಗೆ ಓಮ್ಸ್ ಓಡುತ್ತೆ" ಎಂದು ಚಿಮುಟ ಕೊಟ್ಟರು. ಗಾಳಿಗೂ ಓಡುತ್ತದೆಂದು ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿದರು. ರಾತ್ರಿ ಒಂದು ಗಂಟೆಗೆ ಬೇಳೆ ಡಬ್ಬಿ ಸೇರಿ ಎಷ್ಟೋ ಹೊತ್ತಾಗಿತ್ತು. ಭಾವ ಇನ್ನೂರಾ ಹನ್ನೆರಡನೆಯದರಲ್ಲಿದ್ದರು.

ಉಳಿದ ಲಕ್ಷಣಗಳು ಎಲ್ಲರಿಗೂ ಗೊತ್ತಿದ್ದವೇ. ಅಂಗಡಿಯಲ್ಲಿ ಎಂಟು ಸಾವಿರಕ್ಕೆ ಸಿಗುವುದನ್ನು ಇಪ್ಪತ್ತು ಸಾವಿರದಲ್ಲಿ ಮಾಡಿ "ಉಳಿತಾಯ" ಎನ್ನುತ್ತಾರೆ. ಯಂತ್ರ ಕೂತಿರುವುದು ಅಕ್ಕನ ಚಕ್ಕುಲಿ ಡಬ್ಬಿಯಲ್ಲಿ. ಅದಕ್ಕೆ ಇವತ್ತಿಗೂ ಮುಚ್ಚಳ ಬಿದ್ದಿಲ್ಲ. ಹಾಡನ್ನಂತೂ ಕೇಳುವುದೇ ಇಲ್ಲ. ಮಲ್ಲಿಕಾರ್ಜುನ ಮನ್ಸೂರರು ರಾಗ ಹಿಡಿಯುವಷ್ಟರಲ್ಲಿ ಇವರು ಸ್ಕ್ರೂಡ್ರೈವರ್ ಹಿಡಿದಿರುತ್ತಾರೆ.

ನನ್ನನ್ನು ಹಿಂಡಿ ಹಿಪ್ಪೆ ಮಾಡಿದ್ದು ಮಾತ್ರ 'ಗುಂಯ್' ಪ್ರಕರಣ. ಯಂತ್ರ ಶುರುವಾದ ದಿನವೇ ಹಾಡಿನ ಹಿಂದೆ ಸಣ್ಣಗೆ ಗುಂಯ್ ಎಂಬ ಸದ್ದು. ಪ್ರತಿ ಭಾನುವಾರ ಫೋನು: "ಬಾರಯ್ಯ, ಇವತ್ತು ಹೋಗಿರಬೇಕು." ನಾನು ಸೋಫಾದ ನಡುವೆ, ಎರಡೂ ಸ್ಪೀಕರಿಗೆ ಸಮದೂರದಲ್ಲಿ, ವರಪೂಜೆಗೆ ಕೂತವನಂತೆ ಕೂರಬೇಕು. ಕುಕ್ಕರ್ ಬಂದ್, ಮಿಕ್ಸಿ ಬಂದ್. ಭಾವ ನನ್ನ ಮುಖವನ್ನೇ ನೋಡುತ್ತಾ "ಕೇಳಿಸ್ತಾ, ಇಲ್ವಾ?" ಎನ್ನುತ್ತಿದ್ದರು. ಕೇಳಿಸುತ್ತಿತ್ತು. ಆದರೆ ನಿಜ ಹೇಳಿದರೆ ತಿಂಡಿ ಒಂದು ಗಂಟೆ ಮುಂದಕ್ಕೆ ಹೋಗುತ್ತಿತ್ತು. "ಕಮ್ಮಿ ಆಗಿದೆ ಭಾವ" ಎನ್ನುತ್ತಿದ್ದೆ. ಆ ಭರವಸೆಯ ಮೇಲೆ ಅವರು ನಾಲ್ಕು ಸಾವಿರದ ಹೊಸ ಟ್ರಾನ್ಸ್‌ಫಾರ್ಮರ್ ತಂದರು, ಅದನ್ನು ಬೇರೆ ಡಬ್ಬಿಗೆ ಸಾಗಿಸಿದರು, ವೈರುಗಳನ್ನೆಲ್ಲ ಜಡೆ ಹೆಣೆದರು.

ಗೌರಿ ಹಬ್ಬದ ಹಿಂದಿನ ದಿನ ಭಾವ ಒಂದು ಹೊಸ ಕೆಪಾಸಿಟರಿಗೆ ಬೆಸುಗೆ ಹಾಕಿ ಸ್ವಿಚ್ ಒತ್ತಿದರು. ಗುಂಯ್. ಎರಡು ನಿಮಿಷ ಬಿಟ್ಟು ಸದ್ದು ತಟಕ್ಕನೆ ನಿಂತಿತು. "ನೋಡ್ದಾ! ಕೆಪಾಸಿಟರ್ ಪಳಗಬೇಕು ಅಂತ ಹೇಳಿರಲಿಲ್ವಾ?" ಎಂದು ಕುಣಿದರು. ಅಷ್ಟರಲ್ಲಿ ಟಿ.ವಿ. ಹಿಂದಿನಿಂದ ಅಕ್ಕ ಎದ್ದಳು, ಕೈಯಲ್ಲಿ ಧೂಳಿನ ಬಟ್ಟೆ. ಕಿತ್ತಿದ್ದ ಕೇಬಲ್ಲನ್ನು ಮತ್ತೆ ಸಿಕ್ಕಿಸಿದಳು: ಗುಂಯ್. ಕಿತ್ತಳು: ನಿಶ್ಶಬ್ದ. ಸೀರಿಯಲ್ ಜೋರಾಗಿ ಕೇಳಲೆಂದು ಸೆಟ್‌ಟಾಪ್ ಬಾಕ್ಸನ್ನೂ ಅದೇ ಆಂಪ್ಲಿಫೈಯರಿಗೆ ಹಾಕಿಸಿದ್ದಳಲ್ಲ! ಕೇಬಲ್ಲಿನ ಅರ್ತ್ ಬೀದಿಯಲ್ಲೆಲ್ಲೋ, ಮನೆಯ ಅರ್ತ್ ಮನೆಯಲ್ಲಿ. ಎರಡರ ನಡುವಿನ ಚೂರು ವ್ಯತ್ಯಾಸ ಸೆಕೆಂಡಿಗೆ 50 ಸಲ ಸುತ್ತುಹಾಕಿ ಹಾಡಿಗೆ ಶ್ರುತಿ ಹಿಡಿಯುತ್ತಿತ್ತು. ಡ್ಯಾಕ್ ನಿರಪರಾಧಿ. "ಮೂರು ತಿಂಗಳಿಂದ ನನ್ನನ್ನ ಒಂದು ಮಾತು ಕೇಳಿದ್ರೇನ್ರೀ?" ಎಂದಳು ಅಕ್ಕ.

ಅವತ್ತು ಮನ್ಸೂರರ ಹಾಡು ಮೊದಲ ಸಲ ಕೊನೆಮುಟ್ಟಿತು. ಅಕ್ಕ ಧೂಳಿನ ಬಟ್ಟೆ ಹಿಡಿದೇ ಬಾಗಿಲಿಗೆ ಒರಗಿ ನಿಂತಿದ್ದಳು. ಇಪ್ಪತ್ತು ನಿಮಿಷ ಯಾರೂ ಫೋನ್ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಮೂರು ಸ್ಪೀಕರ್ ಇವೆ, ಎಲ್ಲ ಕೊಂಡವು; ಅವುಗಳ ಮುಂದೆ ಹೀಗೆ ಮೂವರು ಸೇರಿದ್ದು ನೆನಪಿಲ್ಲ.

ಹಾಡು ಮುಗಿದ ಮೇಲೆ ರೂಢಿಯಂತೆ ನಾನೇ ಬಾಯಿಬಿಟ್ಟೆ: "ಹೊಸ ಕೆಪಾಸಿಟರಿಗೆ ತಂಬೂರಿ ಮಿರಮಿರ ಅಂತಿದೆ ಭಾವ."

"ಹೌದಾ?" ಎಂದರು. "ನನಗೆ ಹತ್ತು ಸಾವಿರ ಹರ್ಟ್ಸ್ ದಾಟಿದರೆ ಏನೂ ಕೇಳಲ್ಲ ಕಣಯ್ಯ, ವಯಸ್ಸಾಯ್ತು. ಮೊಬೈಲಲ್ಲಿ ಪರೀಕ್ಷೆ ಮಾಡ್ಕೊಂಡೆ. ಅದಕ್ಕೇ ನಿನ್ನನ್ನ ಕರೆಯೋದು."

ತಂಬೂರಿಯಲ್ಲಿ ನನಗೆ ಯಾವ ವ್ಯತ್ಯಾಸವೂ ಕೇಳಿಸಿರಲಿಲ್ಲ. ಭಾವ ನನ್ನ ಕಿವಿಯನ್ನು ಸಾಲ ಕೇಳಿದ್ದರು. ನಾನು ಬಾಯಿ ಕೊಟ್ಟಿದ್ದೆ.

ನಿಮ್ಮ ನೆಂಟರಲ್ಲೂ ಇಂಥವರೊಬ್ಬರು ಇರಬಹುದು. ಕರೆದರೆ ಹೋಗಿ, ಸೋಫಾದ ನಡುವೆಯೇ ಕೂರಿ. ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನಿ. ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನೊಂದು ಕೆಪಾಸಿಟರ್ ಹಾಕುತ್ತಾರೆ, ಅಷ್ಟೆ.