ಡಬ್ಬಲ್ ಟ್ರೇಲರ್ ಮೀಮಾಂಸೆ

ಗ್ರಂಥಕ್ಕಿಂತ ಮೊದಲು ಗ್ರಂಥಕರ್ತನ ಊರು ಯಾವುದೆಂದು ತೀರ್ಮಾನವಾಗಬೇಕು ಎಂಬುದು ನಮ್ಮ ಪಂಡಿತರ ಪದ್ಧತಿ. ನಾನು ಸತ್ತ ಮೇಲೆ ಯಾರೂ ನನ್ನ ಊರಿಗಾಗಿ ತಲೆ ಒಡೆದುಕೊಳ್ಳಬಾರದೆಂದು ಮೊದಲೇ ಹೇಳಿಬಿಡುತ್ತೇನೆ: ನನ್ನದು ಎಂ.ಕೆ. ಹುಬ್ಬಳ್ಳಿ. ಬರೀ ಹುಬ್ಬಳ್ಳಿಯಲ್ಲ, ಮುಗಟಖಾನ ಹುಬ್ಬಳ್ಳಿ. ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಮಲಪ್ರಭೆಯನ್ನು ದಾಟುವಲ್ಲಿ, ಬಸವಣ್ಣನವರ ಪತ್ನಿ ಗಂಗಾಂಬಿಕೆ ಐಕ್ಯರಾದ ಊರು. ಸಿನೆಮಾ ಜಾಹೀರಾತಿನಲ್ಲಿ ‘ಹುಬ್ಬಳ್ಳಿಯಲ್ಲಿ ಭರ್ಜರಿ ಪ್ರದರ್ಶನ’ ಎಂದು ಓದಿ ಬೆಂಗಳೂರಿನ ನೆಂಟರು ಫೋನ್ ಮಾಡಿ, ‘ನಿಮ್ಮೂರಲ್ಲೇ ಬಂದಿದೆಯಂತಲ್ಲ’ ಎನ್ನುತ್ತಾರೆ. ಅದು ಆ ಹುಬ್ಬಳ್ಳಿ. ನಾವು ದೊಡ್ಡ ಪರದೆ ನೋಡಬೇಕೆಂದರೆ ಬಸ್ ಹತ್ತಬೇಕು. ಉತ್ತರಕ್ಕೆ ಹತ್ತಿದರೆ ಬೆಳಗಾವಿ, ದಕ್ಷಿಣಕ್ಕೆ ಹತ್ತಿದರೆ ಧಾರವಾಡ. ಈ ದಿಕ್ಕಿನ ಗೊಂದಲವೇ ನಮ್ಮ ವಿಮರ್ಶೆಗೆ ನಿಷ್ಪಕ್ಷಪಾತ ದೃಷ್ಟಿಯನ್ನು ತಂದುಕೊಟ್ಟಿದೆ ಎಂದು ನನ್ನ ನಮ್ರ ಅಭಿಪ್ರಾಯ.

ಈ ಪ್ರಬಂಧದ ಸಂಶೋಧನಾ ಮಂಡಳಿ ಮೂರು ಜನರದು. ಒಬ್ಬರು ನಮ್ಮ ಕಾಕಾ. ರಾಜಕುಮಾರ್ ಕಾಲದಿಂದ ಇಂದಿನವರೆಗೆ ಅವರು ನೋಡದ ಸಿನೆಮಾ ಇಲ್ಲ, ಮೆಚ್ಚಿದ ಸಿನೆಮಾ ಬಹಳವಿಲ್ಲ. ಇನ್ನೊಬ್ಬ ನನ್ನ ದೋಸ್ತ, ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್. ಮೂರನೆಯವನು ಲೇಖಕ. ಗೋಷ್ಠಿ ಸೇರುವ ಸ್ಥಳ ಸರ್ವಿಸ್ ರಸ್ತೆಯ ಚಹಾದಂಗಡಿ, ಸಮಯ ಮಿರ್ಚಿ ಬಾಣಲೆಯಿಂದ ಏಳುವ ಹೊತ್ತು.

ನಮ್ಮ ಮೊದಲನೆಯ ಹಾಗೂ ಅತಿ ಮುಖ್ಯ ಸಿದ್ಧಾಂತವನ್ನು ಮಂಡಿಸಿದವನು ಡ್ರೈವರ್. ಸಿನೆಮಾದವರಿಗೆ ಟ್ರೇಲರ್ ಎಂದರೆ ಎರಡೂವರೆ ನಿಮಿಷದ ತುಣುಕು. ನಮ್ಮ ಸೀಮೆಯಲ್ಲಿ ಟ್ರೇಲರ್ ಎಂದರೆ ಕಬ್ಬು ಹೇರುವ ಗಾಡಿ. ಹಂಗಾಮು ಶುರುವಾಯಿತೆಂದರೆ ಒಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್ ಕಟ್ಟಿ, ಆಕಾಶ ಕಾಣದಷ್ಟು ಕಬ್ಬು ಹೇರಿ, ಊರಿಗೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು ಹೋಗುತ್ತಾರೆ. ಅವನ ಸೂತ್ರ ಹೀಗಿದೆ: ‘ಮುಂದಿನ ಟ್ರೇಲರ್ ಎಂಜಿನ್ ಮಾತ ಕೇಳತೈತಿ. ಹಿಂದಿಂದು ತನ್ನ ಆಟ ತಾ ಆಡತೈತಿ.’ ಎರಡು ಭಾಗಗಳಲ್ಲಿ ಬರುವ ಸಿನೆಮಾಗಳ ಬಗ್ಗೆ ಇದಕ್ಕಿಂತ ಖಚಿತವಾದ ಲಕ್ಷಣವನ್ನು ಯಾವ ಆಲಂಕಾರಿಕನೂ ಹೇಳಿಲ್ಲ.

ಉದಾಹರಣೆಗೆ ‘ಕೆಜಿಎಫ್’. ಮೊದಲನೆಯದು 2018ರ ಡಿಸೆಂಬರಿನಲ್ಲಿ ಬಂತು. ಎರಡನೆಯದಕ್ಕೆ 2022ರ ಏಪ್ರಿಲ್‌ವರೆಗೆ ಕಾದೆವು. ಎರಡನೆಯದರಲ್ಲಿ ಹೇರಿದ ಭಾರಕ್ಕೆ ಗಾಡಿ ಮಗುಚಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ರಸ್ತೆ ಹಾಳಾಯಿತು. ಅಂದಿನಿಂದ ಕನ್ನಡದ ಪ್ರತಿ ಎರಡನೇ ನಾಯಕನೂ ಮಸಿ ಬಳಿದುಕೊಂಡು, ಧೂಳಿನಲ್ಲಿ ನಿಂತು, ಯಾರೋ ಮುದುಕರು ಕುರ್ಚಿಯಲ್ಲಿ ಕೂತು ತನ್ನ ಕಥೆ ಹೇಳಲಿ ಎಂದು ಕಾಯುತ್ತಿದ್ದಾನೆ.

‘ಸಪ್ತಸಾಗರದಾಚೆ ಎಲ್ಲೋ’ ಇನ್ನೊಂದು ನಿದರ್ಶನ. ಹೇಮಂತ್ ರಾವ್ 2023ರ ಸೆಪ್ಟೆಂಬರ್ 1ಕ್ಕೆ ಸೈಡ್ ಎ ಕಳಿಸಿದರು, ನವೆಂಬರ್ 17ಕ್ಕೆ ಸೈಡ್ ಬಿ. ಹನ್ನೊಂದು ವಾರದ ಅಂತರ. ದುಡ್ಡಿನಾಸೆಗೆ ಇನ್ನೊಬ್ಬರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುವ ಮನು, ಹೊರಗೆ ಕಾಯುವ ಪ್ರಿಯಾ. ಮೊದಲ ಭಾಗ ನೋಡಿ ಬಂದ ರಾತ್ರಿ ನಾನು ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕಿತ್ತೂರು ದಾಟುವವರೆಗೆ ಮಾತಾಡಲಿಲ್ಲ. ಎರಡನೆಯದರಲ್ಲಿ ಮನು ಹೊರಬಂದು, ಮದುವೆಯಾದ ಪ್ರಿಯಾಳ ಮನೆಯ ಸುತ್ತ ಸುಳಿಯತೊಡಗಿದಾಗ ಪಕ್ಕದ ಸೀಟಿನ ಕಾಕಾ ಚಡಪಡಿಸಿದರು. ‘ಗಂಡ ಇರೂ ಹೆಣ್ಣಮಗಳ ಮನಿ ಮುಂದ ಹಿಂಗ ಅಡ್ಡಾಡಿದ್ರ, ನಮ್ಮೂರಾಗ ಸೈಡ್ ಸಿ ಬ್ಯಾರೇನ ಇರತಿತ್ತು’ ಎಂದರು. ರುಕ್ಮಿಣಿ ವಸಂತ್ ಅವರ ಕಣ್ಣುಗಳಿಗೆ ಮಾತ್ರ ಇಡೀ ಮಂಡಳಿಯ ಸರ್ವಾನುಮತದ ಬೆಂಬಲವಿದೆ. ಆ ಕುರಿತು ಪ್ರತ್ಯೇಕ ಪ್ರಬಂಧ ಸಿದ್ಧವಾಗುತ್ತಿದ್ದು, ಮನೆಯಲ್ಲಿ ಇನ್ನೂ ತಿಳಿಸಿಲ್ಲ.

ಈ ಸಿದ್ಧಾಂತಕ್ಕೆ ಅಪವಾದವೆಂದು ಪೂರ್ವಪಕ್ಷದವರು ‘ಕಾಂತಾರ’ವನ್ನು ತೋರಿಸುತ್ತಾರೆ. 2022ರಲ್ಲಿ ಮೊದಲನೆಯದು ಬಂತು. 2025ರ ಅಕ್ಟೋಬರ್ 2ಕ್ಕೆ ಬಂದದ್ದರ ಹೆಸರು ‘ಅಧ್ಯಾಯ 1’, ಕಥೆ ನಡೆಯುವುದು ಕದಂಬರ ಕಾಲದಲ್ಲಿ. ಅಂದರೆ ರಿಷಬ್ ಶೆಟ್ಟಿ ಎರಡನೇ ಟ್ರೇಲರನ್ನು ಎಂಜಿನ್ನಿನ ಮುಂದೆ ಕಟ್ಟಿದರು. ಇದನ್ನು ಕೇಳಿ ನಮ್ಮ ಡ್ರೈವರ್ ಅರ್ಧ ಮಿರ್ಚಿ ಕೈಯಲ್ಲೇ ಹಿಡಿದು ಬಹಳ ಹೊತ್ತು ಯೋಚಿಸಿದ. ‘ಹಂಗ ಕಟ್ಟಿದ್ರ ರಿವರ್ಸ್ ಹೊಡೀಬೇಕು’ ಎಂದ ಕೊನೆಗೆ. ಸಿನೆಮಾ ಓಡಿತು, ರಿವರ್ಸಿನಲ್ಲೇ ಓಡಿತು. ನನ್ನ ತೀರ್ಪು: ಮೊದಲನೆಯದರ ಕೊನೆಯ ಇಪ್ಪತ್ತು ನಿಮಿಷಕ್ಕೆ ಎರಡನೆಯದರ ಅರಮನೆ, ರಥ, ಹುಲಿ ಎಲ್ಲ ಸೇರಿದರೂ ಸಮನಾಗುವುದಿಲ್ಲ. ಕದಂಬರೇ ಬೇಕಿದ್ದರೆ ನಮ್ಮಲ್ಲಿಗೆ ಬರಬಹುದಿತ್ತು. ಆ ವಂಶದ ಹಳೆಯ ಪಟ್ಟಣ ಹಲಸಿ ಪಕ್ಕದ ಖಾನಾಪುರ ತಾಲ್ಲೂಕಿನಲ್ಲಿದೆ. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ ಕಿತ್ತೂರಿನ ಹತ್ತಿರ ದೇಗಾಂವಿಯಲ್ಲಿ ಸುಮ್ಮನೆ ನಿಂತಿದೆ. ಸೆಟ್ ಹಾಕುವ ಖರ್ಚಿಲ್ಲ, ಗ್ರಾಫಿಕ್ಸ್ ಬೇಡ, ಬಿಸಿಲು ಒರಿಜಿನಲ್.

ಇನ್ನು ರಸವಿಚಾರ. ಭರತಮುನಿ ಮೂವತ್ಮೂರು ವ್ಯಭಿಚಾರಿ ಭಾವಗಳನ್ನು ಎಣಿಸಿದವನು, ಅದರಲ್ಲಿ ನಿದ್ರೆ, ಸುಪ್ತ, ವಿಬೋಧ ಎಂದು ಮೂರನ್ನು ನಿದ್ದೆಯ ವ್ಯವಹಾರಕ್ಕೇ ಮೀಸಲಿಟ್ಟಿದ್ದಾನೆ. ಅವನು ಹೇಳಿದ್ದು ಪಾತ್ರಗಳ ನಿದ್ದೆಯ ಬಗ್ಗೆ ಎಂದು ಪಂಡಿತರು ಭಾವಿಸಿದ್ದಾರೆ. ಕಾಕಾ ಇದನ್ನು ಒಪ್ಪುವುದಿಲ್ಲ. ಪ್ರೇಕ್ಷಕನ ನಿದ್ದೆಯೇ ಅಲ್ಲಿ ವಿವಕ್ಷಿತ ಎಂದು ಅವರು ಪ್ರಯೋಗದಿಂದ ಸಿದ್ಧಪಡಿಸಿದ್ದಾರೆ. ನಾಯಕ ಐವತ್ತು ಜನರನ್ನು ಹೊಡೆಯುವಾಗ ನಿದ್ರೆ, ನೂರು ಜನರನ್ನು ಹೊಡೆಯುವಾಗ ಸುಪ್ತ, ಇಂಟರ್ವಲ್ಲಿಗೆ ಲೈಟು ಹತ್ತಿದಾಗ ವಿಬೋಧ. ಈ ಮಾನದಂಡದಿಂದ ಹಲವು ಆಕ್ಷನ್ ಸಿನೆಮಾಗಳು ಅವರಿಗೆ ಬಹಳ ಹಿತ ಮಾಡಿವೆ. 2024ರ ಕೊನೆಯಲ್ಲಿ ಬಂದ ಸುದೀಪರ ‘ಮ್ಯಾಕ್ಸ್’ ಒಂದೇ ರಾತ್ರಿಯಲ್ಲಿ ನಡೆಯುವ ಕಥೆ. ಅಲ್ಲಿ ಮಾತ್ರ ಕಾಕಾ ಪೂರ್ತಿ ಎಚ್ಚರವಿದ್ದರು. ರಾತ್ರಿ ಪಾಳಿಯಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಬರುವುದನ್ನು ಕಾದವರಿಗೆ ಕತ್ತಲಲ್ಲಿ ಎಚ್ಚರವಿರುವ ಅಭ್ಯಾಸ ಮೊದಲೇ ಇರುತ್ತದೆ.

ಕರುಣ ರಸವನ್ನು ಅಳೆಯಲು ನಾವು ಬಳಸುವ ಸಾಧನ ಹೆಗಲ ಮೇಲಿನ ವಲ್ಲಿ. ನಾಯಿಯ ಕಥೆಯಾದ ‘777 ಚಾರ್ಲಿ’ಗೆ ವಲ್ಲಿ ಹಿಂಡುವಷ್ಟು ತೊಯ್ದಿತ್ತು. ಅಂದಿನ ಮುಖ್ಯಮಂತ್ರಿ ಬೊಮ್ಮಾಯಿಯವರೇ ಆ ಸಿನೆಮಾ ನೋಡಿ ಎಲ್ಲರೆದುರು ಅತ್ತಿದ್ದರಿಂದ ನಮ್ಮ ಡ್ರೈವರನ ಅಳುವಿಗೂ ಸರಕಾರಿ ಮಾನ್ಯತೆ ಸಿಕ್ಕಂತಾಯಿತು. ಮರುದಿನ ಅವನು ತನ್ನ ಓಣಿಯ ನಾಯಿಗೆ ಒಂದು ಬಿಸ್ಕೀಟು ಪುಡಿಕೆ ಒಯ್ದ. ನಾಯಿ ಅವನಿಗೆ ಕಚ್ಚಿತು. ಅಭಿನವಗುಪ್ತ ರಸಾನುಭವಕ್ಕೂ ಲೋಕಾನುಭವಕ್ಕೂ ಇರುವ ಭೇದವನ್ನು ಇಷ್ಟು ಸ್ಪಷ್ಟವಾಗಿ ವಿವರಿಸಿಲ್ಲ.

ಉಪೇಂದ್ರರ ‘ಯುಐ’ ವಿಷಯದಲ್ಲಿ ಹೆಚ್ಚು ಹೇಳಲಾರೆ. ನೀವು ಬುದ್ಧಿವಂತರಾದರೆ ಎದ್ದು ಹೋಗಿ ಎಂಬರ್ಥದ ಸೂಚನೆ ಆರಂಭದಲ್ಲೇ ಬಂತು. ಟಿಕೆಟ್ ಮತ್ತು ಬಸ್ ಚಾರ್ಜು ಕೂಡಿಸಿ ನೋಡಿ, ದಡ್ಡರಾಗಿ ಉಳಿದೆವು.

ಟಿಕೆಟ್ಟಿನ ಮಾತು ಬಂದದ್ದರಿಂದ ಒಂದು ಉಪಪ್ರಕರಣ. 2025ರ ಸೆಪ್ಟೆಂಬರಿನಲ್ಲಿ ಸರಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆದರೆ ನಿಜವಾದ ಸಮಸ್ಯೆ ಪಾಪ್‌ಕಾರ್ನಿನದು. ಪಂಚಮಿಗೆ ನಮ್ಮವ್ವ ಮಾಡುವ ಜೋಳದ ಅರಳಿನ ಮುಂದೆ ಈ ಗೊಂಜಾಳದ ಅರಳು ಯಾವ ಲೆಕ್ಕ? ಅವ್ವನ ಅರಳಿಗೆ ಬೆಲೆಯಿಲ್ಲ, ಡಬ್ಬಿ ಖಾಲಿಯಾದರೆ ಮತ್ತೆ ತುಂಬುತ್ತಾಳೆ, ಜತೆಗೆ ಒಂದು ಉಂಡಿ. ಒಮ್ಮೆ ಆ ಅರಳನ್ನು ಚೀಲದಲ್ಲಿ ಕಟ್ಟಿಕೊಂಡು ಒಂದು ಮಲ್ಟಿಪ್ಲೆಕ್ಸಿಗೆ ಹೋದಾಗ ಬಾಗಿಲಲ್ಲಿ ಕಸಿದಿಟ್ಟುಕೊಂಡರು. ಸಿನೆಮಾ ಮುಗಿದು ಕೇಳಿದರೆ ಚೀಲ ಮಾತ್ರ ಕೊಟ್ಟರು.

ಸಸ್ಪೆನ್ಸ್ ಎಂಬ ಪದಾರ್ಥದ ಬಗ್ಗೆ ನಮ್ಮ ಸೀಮೆಗೆ ಪ್ರತ್ಯೇಕ ಅಧಿಕಾರವಿದೆ. ಈಗಿನ ಹುಡುಗರು ಕ್ಲೈಮ್ಯಾಕ್ಸ್ ಹೇಳಿದರೆ ದೋಸ್ತಿಯನ್ನೇ ಬಿಡುತ್ತಾರೆ. ಇಲ್ಲಿ ನೋಡಿ, ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದಲ್ಲಿ ನಡೆದದ್ದೆಂದು ಹೇಳುವ ಕಥೆಯ ಸಣ್ಣಾಟ. ಈರಣ್ಣನ ಹೆಂಡತಿ ಗಂಗಿಯ ಮೇಲೆ ಸಂಗ್ಯಾ ಮನಸ್ಸಿಡುತ್ತಾನೆ, ಗೆಳೆಯ ಬಾಳ್ಯಾ ಕೈಕೊಡುತ್ತಾನೆ, ಈರಣ್ಣ ಮತ್ತು ಅವನ ತಮ್ಮಂದಿರು ಸಂಗ್ಯಾನನ್ನು ಮುಗಿಸುತ್ತಾರೆ. ಇದು ಕೂತವರಿಗೆಲ್ಲ ಗೊತ್ತು, ತೊಟ್ಟಿಲ ಕೂಸಿಗೂ ಗೊತ್ತು. ಆದರೂ ಬೆಳ್ಳಿ ಚುಕ್ಕಿ ಮೂಡುವವರೆಗೆ ಒಬ್ಬರೂ ಏಳುವುದಿಲ್ಲ, ಈ ಸಲವಾದರೂ ಅವನು ಆ ಹಾದಿ ಹಿಡಿಯದಿರಲಿ ಎಂದು. ಕಾಕಾ ಕೂಡ ಅಲ್ಲಿ ನಿದ್ದೆ ಮಾಡಿಲ್ಲ. ಲವ್, ಫ್ರೆಂಡ್‌ಶಿಪ್, ಕ್ರೈಂ ಎಲ್ಲ ಇದ್ದ ಥ್ರಿಲ್ಲರ್, ಬಯಲಲ್ಲಿ, ಬಿಟ್ಟಿ.

ಹೀಗೆ ಬಿಟ್ಟಿ ಕಂಡ ಆಟ ನೆನಪಾದಾಗಲೇ ನನಗೆ ‘ಸು ಫ್ರಂ ಸೋ’ ಕಂಡರೆ ಹೊಟ್ಟೆಕಿಚ್ಚಾದದ್ದು. 2025ರ ಜುಲೈನಲ್ಲಿ ಬಂದ ಸಿನೆಮಾ, ಜೆ.ಪಿ. ತುಮಿನಾಡರದು. ಕರಾವಳಿಯ ಒಂದು ಸಣ್ಣ ಊರು, ಒಬ್ಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಳೆಂಬ ಗುಲ್ಲು, ಅಷ್ಟೇ. ದೊಡ್ಡ ಸ್ಟಾರ್ ಇಲ್ಲ, ಬಂದೂಕಿಲ್ಲ. ಆ ಊರಿನವರು ಆ ಊರಿನವರಂತೆಯೇ ಮಾತಾಡುತ್ತಾರೆ, ನಾವು ಇಲ್ಲಿ ಕೂತು ಬಿದ್ದುಬಿದ್ದು ನಗುತ್ತೇವೆ. ಅರ್ಧ ಮಾತು ತಿಳಿಯದಿದ್ದರೂ ನಗುತ್ತೇವೆ. ಮಂಡಳಿ ಹತ್ತಕ್ಕೆ ಒಂಬತ್ತೂವರೆ ಅಂಕ ಕೊಟ್ಟಿತು. ಉಳಿದ ಅರ್ಧ ಅಂಕ ಹೊಟ್ಟೆಕಿಚ್ಚಿನ ಬಾಬ್ತು ಕಡಿತ.

ಏಕೆಂದರೆ ನಮ್ಮ ಮಾತು ಪರದೆಗೆ ಬರುವುದು ಹೇಗೆಂದು ಶೋಧಿಸಿದಾಗ ಮಂಡಳಿಗೆ ದೊರೆತ ಪಾತ್ರಗಳು ಇವು: ವಾಚ್‌ಮನ್, ಅಡುಗೆಯವ, ಲಾರಿ ಕ್ಲೀನರ್, ಬಸ್ ಸ್ಟ್ಯಾಂಡಿನಲ್ಲಿ ದಿಕ್ಕು ತಪ್ಪಿದ ಗಂಟು ಹೊತ್ತವ. ಬಡ್ತಿ ಸಿಕ್ಕರೆ ಖಳನಾಯಕ. 2023ರ ‘ಗುರುದೇವ್ ಹೊಯ್ಸಳ’ ನಡೆಯುವುದೇ ಬೆಳಗಾವಿಯಲ್ಲಿ. ಅಲ್ಲಿ ನವೀನ್ ಶಂಕರ್ ಅವರ ಖಳ ಬಾಯಿ ತೆರೆದರೆ ನಮ್ಮ ಓಣಿಯಲ್ಲೇ ಕೂತ ಹಾಗಾಗುತ್ತದೆ. ನಾವು ಸೀಟಿ ಹೊಡೆದದ್ದು ಅವನಿಗೇ. ಪೊಲೀಸ್ ನಾಯಕನಾದ ಧನಂಜಯ ಮನ್ನಿಸಬೇಕು.

ಇಲ್ಲಿ ಪ್ರಬಂಧಕಾರನು ಶಾಸ್ತ್ರಪ್ರಮಾಣವನ್ನು ಮುಂದಿಡುತ್ತಾನೆ. 9ನೇ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಎಂದು ನಾಲ್ಕು ಊರುಗಳ ಗುರುತು ಹಾಕಿ ಹೇಳಿದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಈ ಒಕ್ಕುಂದ ಎಲ್ಲಿದೆ? ಬೈಲಹೊಂಗಲ ತಾಲ್ಲೂಕಿನಲ್ಲಿ, ಇದೇ ಮಲಪ್ರಭೆಯ ದಂಡೆಯಲ್ಲಿ. ನಮ್ಮೂರು ಆ ಚೌಕದ ಹೊರಗೆ ಬೀಳುತ್ತದೆಂದು ವಿರೋಧಿಗಳು ತಕರಾರು ಎತ್ತಬಹುದು. ನಾವು ಕುಡಿದು ಬಿಟ್ಟ ನೀರೇ ಮುಂದೆ ಒಕ್ಕುಂದಕ್ಕೆ ಹೋಗುತ್ತದೆ ಎಂಬುದು ನಮ್ಮ ಸಮಾಧಾನ. ತಿರುಳುಗನ್ನಡವನ್ನು ವಾಚ್‌ಮನ್ನನ ಬಾಯಲ್ಲಿಟ್ಟು ನಗಿಸುವ ಸಂಭಾಷಣೆಕಾರರು ನೃಪತುಂಗನ ಆಸ್ಥಾನದಲ್ಲಿ ಕೆಲಸ ಉಳಿಸಿಕೊಳ್ಳುತ್ತಿದ್ದರೇ?

ಚೆನ್ನಮ್ಮನ ವಿಷಯವೂ ಇದೇ. ಬಿ.ಆರ್. ಪಂತುಲು 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ ಮಾಡಿದರು. ಆ ಪಾತ್ರವಾದವರು ಬಿ. ಸರೋಜಾದೇವಿ. ನಮ್ಮ ಅಜ್ಜಿಯರ ಪಾಲಿಗೆ ಚೆನ್ನಮ್ಮನ ಮುಖ ಅವರದೇ, ಅದರಲ್ಲಿ ವಾದವಿಲ್ಲ. 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ ಜಯಪ್ರದಾ ಬಂದರು. ಆದರೆ ಕಾಕತಿಯಲ್ಲಿ ಹುಟ್ಟಿ, ಕಿತ್ತೂರನ್ನು ಆಳಿ, ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಹೆಣ್ಣುಮಗಳು ಒಮ್ಮೆಯಾದರೂ ‘ಯಾಕೋ’ ಎಂದಿರಲಿಕ್ಕಿಲ್ಲವೇ? ಕಾಕಾ ಈ ಪ್ರಶ್ನೆಯನ್ನು ಇತಿಹಾಸದೊಳಗೇ ನುಗ್ಗಿಸುತ್ತಾರೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಎಲ್ಲರಿಗೂ ಗೊತ್ತು. ಕಾಕಾ ಹೇಳುವುದು: ‘ಸಿನೆಮಾದಾಗಿನ ಹಂಗ ಗ್ರಾಂಥಿಕ ಮಾತಾಡಿದ್ದಕ್ಕ ಅಂವಾ ಅರ್ಥ ಆಗದ ನಿಂತ, ಸತ್ತ. ನಮ್ಮ ಭಾಷಾದಾಗ ಎರಡ ಮಾತ ಬಿದ್ದಿದ್ರ ಸುಮ್ಮನ ಧಾರವಾಡಕ್ಕ ಹೊಳ್ಳಿ ಹೊಕ್ಕಿದ್ದ.’

ಆದುದರಿಂದ ನಿರ್ಮಾಪಕರಲ್ಲಿ ಮಂಡಳಿಯ ವಿನಂತಿ. ಚೆನ್ನಮ್ಮನ ಮೇಲೆ ಇನ್ನೊಂದು ಸಿನೆಮಾ ಮಾಡುವವರಿದ್ದರೆ ಒಂದೇ ಭಾಗದಲ್ಲಿ ಮಾಡಿರಿ, ಹಿಂದೆ ಎರಡನೇ ಟ್ರೇಲರ್ ಕಟ್ಟಬೇಡಿರಿ. ಕಬ್ಬಿನ ಹಂಗಾಮು ಮುಗಿದ ಮೇಲೆ ಬಂದರೆ ಡ್ರೈವರ್ ಖಾಲಿ ಇರುತ್ತಾನೆ, ದೇಗಾಂವಿಯ ಗುಡಿ ತೋರಿಸುತ್ತಾನೆ. ಸಂಭಾಷಣೆ ತಿದ್ದಲು ಕಾಕಾ ಇದ್ದಾರೆ. ಅವರಿಗೆ ಸಂಬಳ ಬೇಡ: ಒಂದು ಪ್ಲೇಟ್ ಮಿರ್ಚಿ, ಎರಡು ಚಹಾ. ಊರು ಎಂ.ಕೆ. ಹುಬ್ಬಳ್ಳಿ. ಬಸ್ಸಿನಲ್ಲಿ ಕೂತು ಬರೀ ‘ಹುಬ್ಬಳ್ಳಿ’ ಎಂದು ಟಿಕೆಟ್ ಕೇಳಬೇಡಿರಿ, ಕಂಡಕ್ಟರ್ ನಿಮ್ಮನ್ನು ಧಾರವಾಡ ದಾಟಿಸಿಬಿಡುತ್ತಾನೆ.