ಹಳದಿಗೆ ಹನ್ನೆರಡು ಟಕ್ಕೆ

ಕರೆಂಟ್ ಹೋಗಿ ಬಂತು. ಅಷ್ಟರಲ್ಲಿ ನನ್ನ ಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್‌ನ ಪತ್ರ ವಿಂಗಡಿಸುವ ಫಿಲ್ಟರುಗಳಿಗೆ ತಲೆ ತಿರುಗಿತ್ತು. ಪಿಂಚಣಿಯ ಪತ್ರ ‘ಲಗ್ನ’ ಫೋಲ್ಡರಿಗೆ, ಬೀಗರ ಲಗ್ನಪತ್ರಿಕೆ ಕಸಕ್ಕೆ. ‘ಲಗ್ನಕ್ಕ ಯಾಕ ಬರಲಿಲ್ರಿ?’ ಎಂದು ಬೀಗರು ಫೋನ್ ಮಾಡಿದರು. ‘ಥಂಡರ್‌ಬರ್ಡ್ ಕೆಟ್ಟಿತ್ರಿ’ ಎಂದೆ. ಅವರು ಅದನ್ನು ಹಕ್ಕಿಜ್ವರದ ಜಾತಿಗೆ ಸೇರಿಸಿ, ‘ಕೋಳಿ ಬಿಡ್ರಿ ಸ್ವಲ್ಪ ದಿನ’ ಎಂದರು.

ಪುಣೆಯಲ್ಲಿರುವ ತಂಗಿಯ ಮಗನದು ಎಲ್ಲ ರೋಗಕ್ಕೂ ಒಂದೇ ಮದ್ದು: ‘ಅನ್‌ಇನ್‌ಸ್ಟಾಲ್ ಮಾಡಿ ಮತ್ತ ಇನ್‌ಸ್ಟಾಲ್ ಮಾಡ್ರಿ ಮಾಮಾ.’ ಮಾಡಿದೆ. ಫಿಲ್ಟರಿನ ಕೆಟ್ಟ ರೂಲುಗಳು ಕೂತಲ್ಲೇ ಕೂತಿದ್ದವು. ಪ್ರೋಗ್ರಾಂ ಇರುವುದು ಒಂದು ಕಡೆ, ನಮ್ಮ ಪ್ರೊಫೈಲ್ ಇರುವುದು ಇನ್ನೊಂದು ಕಡೆ. ಅದನ್ನು ಕಿತ್ತರೆ ಇದಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ಇಷ್ಟು ತಿಳಿಯದವನಿಗೆ ಕಂಪ್ಯೂಟರ್ ಕಂಪನಿ ಸಂಬಳ ಕೊಡುತ್ತದೆ, ಮೇಲೆ ದೀಪಾವಳಿಗೆ ಬೋನಸ್ಸು!

ಕೊನೆಗೆ ಪ್ರೊಫೈಲಿನೊಳಗೆ ಇಳಿಯುವ ಹೊತ್ತಿಗೆ ಪಕ್ಕದ ಮನೆಯ ಕಾಕಾ ಚಹಾಕ್ಕೆ ಬಂದರು. ಅವರು ಹಳದಿ ಅಡತಿಯ ಹಳೆಯ ದಿವಾಣಜಿ. ಅವರ ಮಾಲು ಇರುತ್ತಿದ್ದುದು ಕೃಷ್ಣಾ-ವಾರಣಾ ಕೂಡುವ ಹರಿಪುರದ ಪೇವಗಳಲ್ಲಿ. ಪೇವ ಎಂದರೆ ನಮ್ಮ ಕಡೆಯ ಹಗೇವೇ. ನೆಲದಡಿ ಹಳದಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹತ್ತುತ್ತಿರಲಿಲ್ಲ. ‘ಸಾವಕಾಶ ಮಾಸ್ತರ’ ಎಂದರು ಕಾಕಾ. ‘ಪೇವದ ಬಾಯಿ ತೆಗದ ಕೂಡಲೇ ಇಳೀಬಾರದು, ಉಸಿರು ಕಟ್ಟತದ. ಗಾಳಿ ಆಡಲಿ.’ ಗಾಳಿಯಾಡಲೆಂದು ಇಬ್ಬರೂ ಚಹಾ ಕುಡಿದೆವು.

ಥಂಡರ್‌ಬರ್ಡ್ ಮುಚ್ಚಿ, ರೂಲುಗಳ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಬರೀ ಅಕ್ಷರ: ರೂಲಿನ ಹೆಸರು, ಚಾಲ್ತಿಯೋ ಅಲ್ಲವೋ, ಕೆಲಸ, ಎಲ್ಲಿಗೆ, ಷರತ್ತು. ‘ಅರೇ, ಇದು ವಹಿ!’ ಎಂದು ಕಾಕಾ ಕನ್ನಡಕ ಏರಿಸಿದರು. ನಾನು ‘ಹಳದಿ’ ಎಂಬ ಫೋಲ್ಡರಿನ ವಿಳಾಸ ತೋರಿಸಿದೆ. ಅಲ್ಲಿ ಹಳದಿ ಇರಲಿಲ್ಲ. ಶೇಕಡಾ ಇ-ಸೊನ್ನೆ, ಶೇಕಡಾ ಬಿ-ಎರಡು, ಶೇಕಡಾ ಬಿ-ಒಂಬತ್ತು… ಹೀಗೆ ಸಾಲುಗಟ್ಟಿತ್ತು. ಕಾಕಾ ಬೆರಳಿಟ್ಟು ಎಣಿಸಿದರು; ಶೇಕಡಾಕ್ಕೆ ಅವರದು ಮರಾಠಿಯ ‘ಟಕ್ಕೆ’. ‘ಹನ್ನೆರಡು ಟಕ್ಕೆ! ಹಳದೀಗೆ ಹನ್ನೆರಡು ಟಕ್ಕೆ ಯಾವ ಅಡತ್ಯಾ ತಗೋತಾನ?’

‘ಟಕ್ಕೆ ಅಲ್ಲರಿ ಕಾಕಾ. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಹ, ಳ, ದ, ಮ್ಯಾಲೊಂದು ಗುಡಿಸು; ನಾಲ್ಕು ಮೂರಲೆ ಹನ್ನೆರಡು.’

‘ಗುಡಿಸಿಗೂ ಮೂರು ಟಕ್ಕೆ?’

‘ಹೌದ್ರಿ.’

‘ಇಂಗ್ಲಿಷಿಗೆ?’

‘ಇಂಗ್ಲಿಷ್ ಅಕ್ಷರಕ್ಕ ಒಂದೇ ಬೈಟು. ಟಕ್ಕೆ ಇಲ್ಲ.’

ಕಾಕಾ ಕುರ್ಚಿಯಿಂದ ಎದ್ದೇಬಿಟ್ಟರು. ‘ಮರಾಠಿಗೆ?’ ಅದಕ್ಕೂ ಮೂರೇ ಎಂದಾಗ ಸ್ವಲ್ಪ ಸಮಾಧಾನವಾಗಿ ಕೂತರು. ಆಮೇಲೆ ‘ಲಗ್ನ’ಕ್ಕೆ ಎಣಿಸಿದರು. ಒತ್ತಕ್ಷರದೊಳಗಿನ, ಕಣ್ಣಿಗೆ ಕಾಣದ ವಿರಾಮಕ್ಕೂ ಅಲ್ಲಿ ವಸೂಲಿ ನಡೆದಿತ್ತು. ‘ಲಗ್ನಕ್ಕೂ ಹನ್ನೆರಡೇ’ ಎಂದು ತೀರ್ಪು ಕೊಟ್ಟು, ‘ನಮಗ ಅದಕ್ಕಿಂತ ಜಾಸ್ತಿ ಬಿದ್ದಿತ್ತು’ ಎಂದರು.

ಕಡತದ ಕೆಳಭಾಗ ಅರ್ಧಕ್ಕೆ ತುಂಡಾಗಿತ್ತು, ಕೊನೆಯ ರೂಲಿಗೆ ಷರತ್ತೇ ಇರಲಿಲ್ಲ. ವಹಿ ಹೋಯಿತಲ್ಲ ಎಂದು ನಾನು ಪೇಚಾಡುತ್ತಿದ್ದೆ. ಕಾಕಾ ಖಾಲಿ ಕಪ್ಪನ್ನೇ ನೋಡುತ್ತ ಹೇಳಿದರು: ‘2005ರ ಮಹಾಪೂರದಾಗ ಕೃಷ್ಣಾ, ವಾರಣಾ ಎರಡೂ ಕೂಡಿ ಪೇವಕ್ಕ ಇಳಿದ್ವು. ನನ್ನ ವಹಿ ಅಟ್ಟದ ಮ್ಯಾಲೆ ಒಣಾ ಇತ್ತು. ಯಾರ ಪೇವ, ಎಷ್ಟು ಪೋತಿ, ಎಲ್ಲಾ ಬರೋಬ್ಬರಿ. ಮಾಲು ಕೊಳೆತು ಹೋತು. ನಿಮ್ಮದು ಮಾಲು ಐತೆಲ್ಲ?’

ಇತ್ತು. ಮೇಲುಗಳಿರುವುದು ಬೇರೆ ಕಡತಗಳಲ್ಲಿ. ಹಳೆಯ ರೂಲಿನ ಕಡತದ ಹೆಸರು ಬದಲಿಸಿಟ್ಟು ಹೊಸದಾಗಿ ಶುರುಮಾಡಿದೆ. ಕಾಕಾ ಹೇಳಿದರು, ನಾನು ಬರೆದೆ. ಫೋಲ್ಡರುಗಳಿಗೆ 1, 2, 3 ಎಂದು ಬರೀ ಇಂಗ್ಲಿಷ್ ಅಂಕಿಯ ಹೆಸರು. ಅವರ ಮಟ್ಟಿಗೆ ಅದು ಟಕ್ಕೆ ಉಳಿತಾಯ. ಈಗ ಲಗ್ನಪತ್ರಿಕೆ ಯಾವ ನಂಬರಿನಲ್ಲಿ ಬೀಳುತ್ತದೆಂದು ಅವರನ್ನೇ ಕೇಳಬೇಕು.

ನಿಮ್ಮ ಫಿಲ್ಟರು ಕೆಟ್ಟರೆ ಮೊದಲು ಪ್ರೋಗ್ರಾಂ ಮುಚ್ಚಿ. ರೂಲಿನ ಕಡತ ಅಳಿಸಬೇಡಿ, ಹೆಸರು ಬದಲಿಸಿ. ಪುಣೆಗೆ ಫೋನ್ ಮಾಡಬೇಡಿ.